ನಾಲ್ಕು ನಿಮಿಷ ಹುಡುಕಿಕೊಂಡು ಹಾಲೆಂಡಿಗೆ

ಗುತ್ತಲು

ಹಾಲೆಂಡಿಗೆ ಹೋಗಿ ಬಂದೆ ಅಂದರೆ ನಮ್ಮ ಬೀದಿಯವರೆಲ್ಲ ಕೇಳುವುದು ಹೂವಿನ ತೋಟ ನೋಡಿದೆಯಾ ಅಂತ. ನೋಡಲಿಲ್ಲ. ನಾನು ಹೋಗಿದ್ದು ನನ್ನದೇ ನಾಲ್ಕು ನಿಮಿಷ ಹುಡುಕಿಕೊಂಡು. ಅದೇನು ಅಂತ ಮೊದಲೇ ಹೇಳಿಬಿಡುತ್ತೇನೆ, ಊರು ಸುತ್ತುವುದು ಆಮೇಲೆ.

ನಾನು ಭಾಗ್ಯ. ಮಂಡ್ಯದ ಗುತ್ತಲಿನಲ್ಲಿ ಬ್ಲೌಸ್ ಹೊಲಿಯುತ್ತೇನೆ. ಹುಟ್ಟಿದ್ದು ಮದ್ದೂರು ತಾಲ್ಲೂಕಿನ ಕೊಪ್ಪದಲ್ಲಿ, ಗಂಡು ಮಗು ಅಂತ ಬರೆಸಿಕೊಂಡು. ಹದಿನೆಂಟಕ್ಕೆ ಮನೆ ಬಿಟ್ಟು ಬೆಂಗಳೂರಿಗೆ ಓಡಿಹೋದೆ, ನಮ್ಮವರ ಜೊತೆ ಸೇರಿಕೊಂಡೆ, ಹೆಂಗಸಾದೆ. ಈಗಿನವರು ಮಂಗಳಮುಖಿ ಅನ್ನುತ್ತಾರೆ. ಆಗಿನವರು ಏನನ್ನುತ್ತಿದ್ದರು ಅಂತ ಬರೆಯುವುದಿಲ್ಲ, ನಿಮಗೇ ಗೊತ್ತು.

ಇಪ್ಪತ್ತಾರು ವರ್ಷದ ಹಿಂದೆ ಒಂದು ಸಿನಿಮಾದಲ್ಲಿ ಪಾರ್ಟು ಮಾಡಿದೆ. ಮನೆಯವರೆಲ್ಲ ಕೂತು ನೋಡುವಂಥದ್ದಲ್ಲ, ಹಸಿಬಿಸಿ ಸಿನಿಮಾ. ಹೆಸರು ಬೇಡ. ಕತೆ ಇಷ್ಟೇ: ಒಬ್ಬಳು ಸುಂದರಿ ಗಂಡಸರನ್ನು ಆಲೆಮನೆಗೆ ಕರೆದುಕೊಂಡು ಹೋಗಿ ಕಬ್ಬು ಕಡಿಯುವ ಮಚ್ಚಿನಲ್ಲಿ ಕಡಿಯುತ್ತಾಳೆ. ಕೊನೆಗೆ ಹೀರೋ ಅವಳ ಜುಟ್ಟು ಹಿಡಿದು ಎಳೆದರೆ ವಿಗ್ಗು ಕೈಗೆ ಬರುತ್ತದೆ. ಅವಳು ಅವಳಲ್ಲ! ಹೀರೋ ವಾಂತಿ ಮಾಡುತ್ತಾನೆ, ಜನ ಶಿಳ್ಳೆ ಹೊಡೆಯುತ್ತಾರೆ. ನನಗೆ ಸೊಂಟ ಮುಟ್ಟುವ ಸ್ವಂತ ಕೂದಲಿತ್ತು. ಅದರ ಮೇಲೆ ವಿಗ್ಗು ಕೂರುವುದಿಲ್ಲ ಅಂತ ಬೋಳಿಸಿ ವಿಗ್ಗು ಹಾಕಿದರು, ಕಿತ್ತುಕೊಳ್ಳುವುದಕ್ಕೆ. ನನ್ನ ಬಾಯಿಗೆ ಯಾರೋ ಗಂಡಸಿನ ಗೊಗ್ಗರು ದನಿ ಕೂರಿಸಿದರು. ಮದ್ದೂರಿನಲ್ಲಿ ಅಂಟಿಸಿದ್ದ ಪೋಸ್ಟರಿನಲ್ಲಿ ನನ್ನ ಅರ್ಧ ಮುಖಕ್ಕೆ ಲಿಪ್‌ಸ್ಟಿಕ್ಕು, ಇನ್ನರ್ಧಕ್ಕೆ ಮೀಸೆ. ನನಗೆ ಮೀಸೆ ಯಾವತ್ತೂ ಇರಲಿಲ್ಲ, ಬರೆದವನ ಕೈಚಳಕ.

ಇಷ್ಟಕ್ಕೆಲ್ಲ ಒಪ್ಪಿಕೊಂಡಿದ್ದು ಒಂದೇ ಷರತ್ತಿನ ಮೇಲೆ. ನನಗೆ ಒಂದು ಸೀನು ಕೊಡಬೇಕು, ಅದರಲ್ಲಿ ಸಿನಿಮಾದ ತಾಯಿಯ ಜೊತೆ ನಾನು ಮಾತಾಡಬೇಕು, ನನ್ನ ದನಿಯಲ್ಲೇ. ಡೈರೆಕ್ಟರಿಗೆ ಏನನ್ನಿಸಿತೋ, ಹೂಂ ಅಂದ. ನಾಲ್ಕು ನಿಮಿಷ ಒಂದೇ ಉಸಿರಿನಲ್ಲಿ ಮಾತಾಡಿದೆ. ಮಾತು ನನ್ನದೇ. ಸಿನಿಮಾದ ತಾಯಿಯ ನೆಪದಲ್ಲಿ ನನ್ನ ಅವ್ವನಿಗೆ ಹೇಳಬೇಕಾದದ್ದನ್ನೆಲ್ಲ ಹೇಳಿದ್ದೆ. ಆಮೇಲೆ ಕೊಪ್ಪಕ್ಕೆ ಹೇಳಿ ಕಳಿಸಿದೆ: 'ಅವ್ವಾ, ಸಿನಿಮಾ ಕೆಟ್ಟದಾಗಿದೆ, ಕಣ್ಣು ಮುಚ್ಚಿಕೊಂಡಾದರೂ ಕೂತಿರು. ಕೊನೆ ಹತ್ತಿರ ನಿನ್ನ ಹತ್ತಿರ ಮಾತಾಡಿದ್ದೀನಿ, ಅದನ್ನು ಮಾತ್ರ ಕೇಳು.'

ಅವ್ವ ನನ್ನ ತಂಗಿ ಜಯಳನ್ನು ಕರೆದುಕೊಂಡು ಮದ್ದೂರಿಗೆ ಹೋಗಿ ಸಂಜೆಯಾಟ ನೋಡಿದಳು. ಅಲ್ಲಿ ಆ ಸೀನೇ ಇರಲಿಲ್ಲ. ಮದ್ದೂರಿನಲ್ಲೂ ಇಲ್ಲ, ಆಮೇಲೆ ಮಳವಳ್ಳಿಯಲ್ಲಿ ಹಾಕಿದಾಗಲೂ ಇಲ್ಲ. ಬೇರೆ ಊರಿನ ಕಾಪಿ ನೋಡಿದವರು ಯಾರೂ ನನಗೆ ಸಿಗಲಿಲ್ಲ. 'ಎಲ್ಲಮ್ಮ ನಿನ್ ಡೈಲಾಗು?' ಅಂತ ಕಂಡಕಂಡವರೆಲ್ಲ ನಕ್ಕರು. ಅವ್ವ ಮಾತ್ರ ಏನೂ ಹೇಳಿ ಕಳಿಸಲಿಲ್ಲ. ಸುಳ್ಳು ಹೇಳಿ ಆ ಕೊಳಕನ್ನೆಲ್ಲ ನೋಡಿಸಿದಳು ಅಂತ ಅವ್ವ ನೊಂದುಕೊಂಡಳು ಅಂದುಕೊಂಡೆ. ಮುಖ ತೋರಿಸಲು ಧೈರ್ಯವಾಗಲಿಲ್ಲ. ಒಂಬತ್ತು ವರ್ಷ ಬಿಟ್ಟು ಅವಳನ್ನು ಮಣ್ಣು ಮಾಡುವ ದಿನ ಕೊಪ್ಪಕ್ಕೆ ಹೋದೆ. ಡೈರೆಕ್ಟರೇ ಕತ್ತರಿಸಿದ ಅಂತ ಅವನಿಗೆ ಶಾಪ ಹಾಕಿಕೊಂಡು ಇಷ್ಟು ವರ್ಷ ಕಳೆದೆ.

ಹೋದ ವರ್ಷ ಮಾರ್ಲೀಸ್ ಅನ್ನುವ ಡಚ್ ಹುಡುಗಿ ಅಂಗಡಿಗೆ ಬಂದಳು. ಉಟ್ರೆಕ್ಟ್ ಅನ್ನುವ ಊರಿನಲ್ಲಿ ಹಳೇ ಸಿನಿಮಾ ಕಾಪಾಡುವ ಒಂದು ಕಡೆ ಅವಳಿಗೆ ಕೆಲಸ. ಮೈಸೂರಿನಲ್ಲಿ ಎರಡು ವರ್ಷ ಇದ್ದು ಕನ್ನಡ ಕಲಿತಿದ್ದಾಳೆ. ಗುಜರಿಯಲ್ಲಿ ಆ ಸಿನಿಮಾದ ಡಬ್ಬಿಗಳು ಸಿಕ್ಕಿವೆ, ಬೇರೆ ಕಾಪಿ ಎಲ್ಲೂ ಉಳಿದಿಲ್ಲವಂತೆ. ಅವಳ ಜೊತೆ ಪೂರಿಗಾಲಿಯ ಸಿದ್ದಣ್ಣನೂ ಬಂದಿದ್ದ. ಮದ್ದೂರಿನ ಟಾಕೀಸಿನಲ್ಲಿ ಮೂವತ್ತು ವರ್ಷ ಆಪರೇಟರ್ ಆಗಿದ್ದವನು. ರೀಲಿನ ಮೊದಲಲ್ಲಿ ಅವನ ಹೆಸರು ಗೀಚಿದ್ದರಿಂದ ಮಾರ್ಲೀಸ್ ಮೊದಲು ಅವನನ್ನು ಹಿಡಿದಿದ್ದಳು. ಬೇರೆ ಬೇರೆ ದೇಶದ ಅಗ್ಗದ ಸಿನಿಮಾಗಳು ನನ್ನಂಥವರನ್ನು ಹೇಗೆ ತೋರಿಸಿವೆ ಅಂತ ಒಂದು ವಾರ ತೋರಿಸುತ್ತಾರಂತೆ, ಇಬ್ಬರೂ ಬರಬೇಕಂತೆ. ಆ ಡಬ್ಬಿಗಳಲ್ಲಿ ನನ್ನ ಸೀನು ಇದ್ದರೂ ಇರಬಹುದು ಅನ್ನುವ ಒಂದೇ ಆಸೆಗೆ ಹೂಂ ಅಂದೆ.

ವಿಮಾನ

ಸಿದ್ದಣ್ಣನಿಗೆ ಅರವತ್ತೆಂಟು. ಬೆಂಗಳೂರು ದಾಟಿದವನಲ್ಲ. ಕೈಚೀಲದಲ್ಲಿ ಒಂದು ಹಳೇ ಬಿಸ್ಕತ್ತಿನ ಡಬ್ಬಿ ಇಟ್ಟುಕೊಂಡಿದ್ದ. ತಪಾಸಣೆಯಲ್ಲಿ ಅದನ್ನು ಯಂತ್ರದೊಳಗೆ ಬಿಡುವುದಿಲ್ಲ ಅಂತ ಹಟ ಹಿಡಿದ.

'ಅಳೇ ಫಿಲಂ ಐತೆ ಕಣ್ಸಾರ್, ಮಿಸನ್ಗೆ ಆಕುದ್ರೆ ಕೆಡ್ತದೆ.'

ಡಬ್ಬಿ ತೆಗೆಸಿದರು. ಒಳಗೆ ಸುತ್ತಿಟ್ಟ ಫಿಲಂ ಸುರುಳಿಗಳು, ಹಳತಾಗಿ ಕೆಟ್ಟ ಫಿಲಮ್ಮಿಗೆ ಬರುವ, ಕೊಳೆತ ಉಪ್ಪಿನಕಾಯಿಯಂಥ ಹುಳಿ ವಾಸನೆ. ಸಾಲಿನಲ್ಲಿದ್ದವರೆಲ್ಲ ಮೂಗು ಮುಚ್ಚಿಕೊಂಡರು. ಏನಣ್ಣ ಅದು ಅಂದರೆ, 'ಅಳೇ ತುಂಡುಗ್ಳು ಕಣವ್ವ, ನೆಪ್ಪಿಗೆ ಮಡೀಕಂಡಿದ್ದೆ. ಆ ಹುಡ್ಗಿ ತತ್ತಾ ಅಂದಿದ್ಲು' ಅಂದ. ನನ್ನ ಮುಖ ನೋಡಿ ಹೇಳಲಿಲ್ಲ. ಕಾವಲಿನವರು ಕೊನೆಗೆ ಯಂತ್ರದೊಳಗೇ ಹಾಕಿ ವಾಪಸ್ ಕೊಟ್ಟರು. ಅವನು ಒಂದು ಗಂಟೆ ಅದನ್ನು ತೊಡೆಯ ಮೇಲಿಟ್ಟುಕೊಂಡು ಸವರುತ್ತ ಕೂತಿದ್ದ.

ನನ್ನ ಸರದಿ ಬೇರೆ ಥರದ್ದು. ದಾರಿಯಲ್ಲಿ ವಿಮಾನ ಬದಲಿಸುವಾಗ ಗಾಜಿನ ಗೂಡಿನೊಳಗೆ ಕೈ ಎತ್ತಿ ನಿಲ್ಲಿಸುತ್ತಾರೆ. ಹೊರಗೆ ಕೂತವರ ಮುಂದೆ ಎರಡು ಗುಂಡಿ, ಗಂಡಸಿಗೊಂದು ಹೆಂಗಸಿಗೊಂದು. ಅಲ್ಲಿದ್ದ ಹೆಂಗಸು ನನ್ನ ಪಾಸ್‌ಪೋರ್ಟ್ ನೋಡಿದಳು, ಮುಖ ನೋಡಿದಳು, ಎರಡೂ ಗುಂಡಿ ತೋರಿಸಿ ಇಂಗ್ಲಿಷಿನಲ್ಲಿ ನೇರವಾಗಿ ಕೇಳಿದಳು: ಯಾವ ಗುಂಡಿ ಒತ್ತಲಿ? ಮಂಡ್ಯದ ಬಸ್ ಸ್ಟ್ಯಾಂಡಿನಲ್ಲಿ ನೂರು ಸಲ ಕಣ್ಣಿನಲ್ಲೇ ಕೇಳಿಸಿಕೊಂಡ ಪ್ರಶ್ನೆ. ಬಾಯಿ ಬಿಟ್ಟು ಕೇಳಿದ್ದು ಇದೇ ಮೊದಲು. ಹೆಂಗಸಿನದು ಒತ್ತಮ್ಮ ಅಂತ ಬೆರಳು ತೋರಿಸಿದೆ. ಒತ್ತಿ, ಹೋಗು ಅಂದಳು. ಇಷ್ಟು ಸಲೀಸಾಗಿ ಮುಗಿದ ಮೇಲೆ ನನಗೇ ನಗು ಬಂತು.

ಉಟ್ರೆಕ್ಟ್, ಮೊದಲ ಎರಡು ದಿನ

ಊರಿನ ನಡುವೆ ನಾಲೆ. ನಮ್ಮ ನಾಲೆಯಂತೆ ಗದ್ದೆಗೆ ಹೋಗುವುದಿಲ್ಲ, ಮನೆಗಳ ಬುಡ ಮುಟ್ಟಿಕೊಂಡು ಸುಮ್ಮನೆ ನಿಂತಿರುತ್ತದೆ. ಊರಾಚೆ ಹೋದರೆ ಚಪ್ಪಟೆ ನೆಲ, ಹಸಿರು, ಹಸುಗಳು. ಸಿದ್ದಣ್ಣ ಹಸುವಿನ ಕೆಚ್ಚಲು ನೋಡುತ್ತ ನಿಂತುಬಿಟ್ಟ. 'ಒಂದೊಂದು ಎಸ್ಟು ಕರೀತದೆ ಕೇಳವ್ವ ಆ ಹುಡ್ಗೀನ' ಅಂತ ನನ್ನನ್ನು ಕಾಡಿದ. ಮಾರ್ಲೀಸಿಗೆ ಗೊತ್ತಿರಲಿಲ್ಲ. 'ದೇಸ ಎಲ್ಲ ಅಸಾನೇ ತುಂಬೈತೆ, ಅಸಿನ್ ವಿಸ್ಯ ಗೊತ್ತಿಲ್ಲ ಅಂತಳಲ್ಲ!' ಅಂತ ಸಿದ್ದಣ್ಣನಿಗೆ ಬೇಜಾರು.

ಮಾರ್ಲೀಸಿನ ಕನ್ನಡ ಪುಸ್ತಕದ್ದು. 'ದಯವಿಟ್ಟು ಉಪಾಹಾರ ಸ್ವೀಕರಿಸಿ' ಅನ್ನುತ್ತಾಳೆ. ಸಿದ್ದಣ್ಣ ನನ್ನ ಕಿವಿಯಲ್ಲಿ, 'ಇವಮ್ಮ ಮಾತಾಡಿದ್ರೆ ರೇಡಿಯೋದಲ್ಲಿ ವಾರ್ತೆ ಓದ್ದಂಗಾಯ್ತದೆ' ಅಂದ. ಉಪಾಹಾರ ಅಂದರೆ ತಣ್ಣನೆಯ ಬ್ರೆಡ್ಡು, ಮೇಲೆ ಚಾಕಲೇಟಿನ ಕಾಳು. ಸಿದ್ದಣ್ಣ ಅದನ್ನು ತಿರುಗಿಸಿ ನೋಡಿ, 'ಇಲಿ ಓಡಾಡೈತೇನೋ' ಅಂದ. ಮಧ್ಯಾಹ್ನವೂ ಬ್ರೆಡ್ಡೇ. ಮನೆಯಿಂದ ತಂದಿದ್ದ ಮದ್ದೂರು ವಡೆ ಮೆತ್ತಗಾಗಿತ್ತು, ಆದರೂ ಎರಡು ದಿನ ಜೀವ ಹಿಡಿದದ್ದು ಅದರಲ್ಲೇ.

ಇವರಲ್ಲಿ ಕಾಫಿಗೆ ಒಂದು ಬಿಸ್ಕತ್ತು ಕೊಟ್ಟು ಡಬ್ಬಿ ಮುಚ್ಚುತ್ತಾರೆ. ಮತ್ತೊಂದು ತಗೊಳ್ಳಿ ಅನ್ನುವ ಪದ್ಧತಿಯೇ ಇಲ್ಲ. ನಮ್ಮ ಕಡೆ ಸಾಕು ಅಂದರೂ ಎಲೆಗೆ ಬಡಿಸುವವರ ನಡುವೆ ಬೆಳೆದ ನನಗೆ ಮೊದಲ ದಿನ ಅವಮಾನವಾಯಿತು. ಆಮೇಲೆ ಅವರು ಯಾರಿಗೂ ಎರಡನೆಯದು ಕೊಡುವುದಿಲ್ಲ ಅಂತ ತಿಳಿದು ಸಮಾಧಾನವಾಯಿತು. ಮಾತು ಮಾತ್ರ ಮಂಡ್ಯದ್ದೇ, ಮುಖಕ್ಕೆ ಹೊಡೆದಂತೆ. ನಾವಿಬ್ಬರೂ ಉಳಿದುಕೊಂಡ ಮನೆಯ ಅಜ್ಜಿ ಮೊದಲ ಬೆಳಿಗ್ಗೆಯೇ ಮಾರ್ಲೀಸಿನ ಬಾಯಲ್ಲಿ ಕೇಳಿಸಿದಳು, ನೀವು ಗಂಡ ಹೆಂಡತಿಯೇ ಅಂತ. ಅಲ್ಲ ಅಂದೆ. 'ಒಳ್ಳೆಯದಾಯಿತು, ಆತನ ಗೊರಕೆ ನನ್ನ ಕೋಣೆಯವರೆಗೆ ಕೇಳಿಸುತ್ತದೆ' ಅಂದಳಂತೆ. ಈ ಅಜ್ಜಿಯನ್ನು ಮಂಡ್ಯದ ಮಾರ್ಕೆಟ್ಟಿನಲ್ಲಿ ಕೂರಿಸಿದರೆ ಯಾರೂ ಹೊರಗಿನವಳು ಅನ್ನುವುದಿಲ್ಲ.

ಬೀದಿಯಲ್ಲಿ ಒಬ್ಬರೂ ನನ್ನನ್ನು ತಿರುಗಿ ನೋಡಲಿಲ್ಲ. ಮೊದಲು ಖುಷಿ. ಅರ್ಧ ದಿನ ಕಳೆದ ಮೇಲೆ, ಯಾರೂ ನೋಡುತ್ತಿಲ್ಲವಲ್ಲ, ಸೀರೆ ಸರಿಯಾಗಿ ಉಟ್ಟಿಲ್ಲವೇನೋ ಅಂತ ನೆರಿಗೆ ಮುಟ್ಟಿ ನೋಡಿಕೊಂಡೆ. ಜನ್ಮವಿಡೀ ನೋಡಿಸಿಕೊಂಡವರಿಗೆ ಇಂಥ ರೋಗ ಅಂಟಿಕೊಂಡಿರುತ್ತದೆ.

ಸಿನಿಮಾ ಮನೆ

ಎರಡು ದಿನದಲ್ಲಿ ಐದು ಸಿನಿಮಾ ನೋಡಿದೆವು, ಐದು ದೇಶದವು. ಒಂದರಲ್ಲಿ ನನ್ನಂಥವಳು ಕ್ಷೌರದ ಕತ್ತಿ ಹಿಡಿದು ಕೊಲ್ಲುತ್ತಾಳೆ, ಒಂದರಲ್ಲಿ ಸೂಜಿ ಚುಚ್ಚಿ ಕೊಲ್ಲುತ್ತಾಳೆ. ಒಂದರಲ್ಲಿ ಪಾಪ ಅವಳೇ ಮೊದಲು ಸಾಯುತ್ತಾಳೆ, ಹೆಣದ ಬಟ್ಟೆ ಬಿಚ್ಚಿ ಪೊಲೀಸರು ಬೆಚ್ಚಿಬೀಳುತ್ತಾರೆ. ಎಲ್ಲದರಲ್ಲೂ ಒಂದು ಕನ್ನಡಿ, ಕನ್ನಡಿ ಮುಂದೆ ಲಿಪ್‌ಸ್ಟಿಕ್ಕು. ಎಲ್ಲದರಲ್ಲೂ ಒಂದು ವಿಗ್ಗು, ಅದು ಬೀಳುವ ಗಳಿಗೆಗೆ ಡಬಡಬ ಸಂಗೀತ. ಎಲ್ಲದರಲ್ಲೂ ಗಂಡಸು ಅಸಹ್ಯ ಪಟ್ಟುಕೊಳ್ಳುತ್ತಾನೆ, ಅಲ್ಲಿಯವರೆಗೆ ಅವಳ ಹಿಂದೆ ಜೊಲ್ಲು ಸುರಿಸಿಕೊಂಡು ಬಂದವನೂ ಅವನೇ. ಇವರೆಲ್ಲ ಒಬ್ಬರನ್ನೊಬ್ಬರು ನೋಡಿದವರಲ್ಲ, ಒಬ್ಬರ ಭಾಷೆ ಇನ್ನೊಬ್ಬರಿಗೆ ಬರುವುದಿಲ್ಲ. ಆದರೂ ಒಂದೇ ಅಳತೆಯ ಬ್ಲೌಸ್ ಇಟ್ಟುಕೊಂಡು ಐದು ಕಡೆ ಹೊಲಿದ ಹಾಗಿತ್ತು.

ನಾಲ್ಕರಲ್ಲಿ ಪಾರ್ಟು ಮಾಡಿದವರು ಸೀರೆ, ಫ್ರಾಕು ಹಾಕಿಕೊಂಡ ಗಂಡಸರು. ಆ ಹೆಣವಾದವಳು ಮಾತ್ರ ನಿಜವಾಗಿ ನಮ್ಮವಳು, ಅವಳೂ ಬಂದಿದ್ದಳು. ಹ್ಯಾಂಬರ್ಗಿನವಳು, ಎಪ್ಪತ್ತು ದಾಟಿದೆ, ಹೆಸರು ಉರ್ಸುಲಾ. ಕಾಫಿ ಹೊತ್ತಿನಲ್ಲಿ ನನ್ನ ಪಕ್ಕ ಕೂತು ನಕ್ಕಳು. 'ಮೂರು ಸಿನಿಮಾದಲ್ಲಿ ಸತ್ತಿದ್ದೇನೆ. ಮೂರರಲ್ಲೂ ನನಗೆ ಒಂದು ಮಾತಿಲ್ಲ' ಅಂದಳು. ಮಾರ್ಲೀಸ್ ಅದನ್ನು ಕನ್ನಡ ಮಾಡಿ ಹೇಳುವಾಗ ನನಗೆ ಅಳಬೇಕೋ ನಗಬೇಕೋ ಗೊತ್ತಾಗಲಿಲ್ಲ. ನನಗೆ ಒಂದು ಸೀನು ಇತ್ತು, ಕತ್ತರಿಸಿದರು ಅಂದೆ. ಉರ್ಸುಲಾ ನನ್ನ ಕೈ ಹಿಡಿದುಕೊಂಡಳು.

ಆವತ್ತೇ ಮಧ್ಯಾಹ್ನ ಮಾರ್ಲೀಸ್ ನಮ್ಮಿಬ್ಬರನ್ನೂ ಕೆಲಸದ ಕೋಣೆಗೆ ಕರೆದುಕೊಂಡು ಹೋದಳು. ಮೇಜಿನಂಥ ಯಂತ್ರದ ಮೇಲೆ ಫಿಲಂ ಓಡಿಸಿ ಸಣ್ಣ ಪರದೆಯಲ್ಲಿ ನೋಡಬಹುದು. ನಮ್ಮ ಸಿನಿಮಾದ ಏಳನೇ ರೀಲು ಹಾಕಿದಳು. ನಾನು, ಇಪ್ಪತ್ತೆರಡರ ನಾನು, ಅಡುಗೆಮನೆಯ ಬಾಗಿಲಿಗೆ ಬಂದು ನಿಲ್ಲುತ್ತೇನೆ. ಒಳಗೆ ಸಿನಿಮಾದ ತಾಯಿ ಬೆನ್ನು ಮಾಡಿ ಕೂತು ರಾಗಿ ಕೇರುತ್ತಿದ್ದಾಳೆ. ಬಾಯಿ ತೆರೆಯಬೇಕು ಅನ್ನುವಷ್ಟರಲ್ಲಿ ಟಪ್ ಅಂತ ಹಾರಿ ಮುಂದಿನ ಶಾಟಿನಲ್ಲಿ ಕೈಯಲ್ಲಿ ಮಚ್ಚು!

'ಇಲ್ಲೇ' ಅಂದೆ. 'ಇಲ್ಲೇ ಇತ್ತು ನನ್ನ ಸೀನು. ಆ ಡೈರೆಕ್ಟರ್ ಹಾಳಾಗಿ ಹೋಗಲಿ.'

ಮಾರ್ಲೀಸ್ ಯಂತ್ರ ನಿಲ್ಲಿಸಿ ಆ ಜಾಗಕ್ಕೆ ಬೆರಳಿಟ್ಟಳು. 'ಇದು ನಿರ್ದೇಶಕರ ಕೆಲಸವಲ್ಲ. ನಿರ್ದೇಶಕರು ಕತ್ತರಿಸಿದ್ದರೆ ಈ ಪ್ರತಿಯಲ್ಲಿ ಜೋಡಣೆ ಇರುತ್ತಿರಲಿಲ್ಲ. ನೋಡಿ, ಇದನ್ನು ಯಾರೋ ಕೈಯಿಂದ ಕತ್ತರಿಸಿ ಅಂಟಿಸಿದ್ದಾರೆ.'

ಸಿದ್ದಣ್ಣ ಕೈಚೀಲದಿಂದ ಬಿಸ್ಕತ್ತಿನ ಡಬ್ಬಿ ತೆಗೆದು ಮೇಜಿನ ಮೇಲಿಟ್ಟ.

'ನಾನೇ ಕಣವ್ವ' ಅಂದ. 'ಜಾಯಿಂಟ್ ನಂದೇ. ನಿನ್ನ ತುಂಡು ಇದ್ರೊಳಗದೆ.'

ನಾಲೆಯ ದಂಡೆ

ಎದ್ದು ಹೊರಗೆ ಬಂದೆ. ಎಲ್ಲಿಗೆ ಅಂತ ಗೊತ್ತಿಲ್ಲ, ನಾಲೆಯ ದಂಡೆ ಹಿಡಿದು ನಡೆದೆ. ಸೈಕಲ್ಲಿನವಳೊಬ್ಬಳು ಗಂಟೆ ಬಾರಿಸಿ ಬೈದಳು. ಕನ್ನಡದಲ್ಲಿ ತಿರುಗಿ ಬೈದೆ, ನಮ್ಮೂರಿನ ಬೈಗುಳ. ಅವಳಿಗೆ ಅರ್ಥವಾದ ಹಾಗೇ ಕಂಡಿತು. ಹಿಂದಿನಿಂದ ಸಿದ್ದಣ್ಣ ಏದುಸಿರು ಬಿಡುತ್ತ ಬಂದ.

'ಬಸ್ಸು ಕಣವ್ವ' ಅಂದ. 'ಕೊಪ್ಪದ್ ಕಡೆ ಕೊನೇ ಬಸ್ಸು ಒಂಬತ್ಕಾಲ್ಗೆ. ಸಿನಿಮಾ ಉದ್ದ ಆದ್ರೆ ಅಳ್ಳಿ ಜನ ಕೊನೇ ರೀಲು ಬುಟ್ಟು ಎದ್ದೋಯ್ತಿದ್ರು, ಕುರ್ಚಿ ಒದ್ದು ಗಲಾಟೆ. ಓನರ್ರು ನಂಗೇ ಬಯ್ಯೋರು. ಅದ್ಕೆ ಯಾವ್ದೇ ಸಿನಿಮಾ ಬರ್ಲಿ, ಪೈಟು ಸಾಂಗು ಬುಟ್ಟು, ಬರೀ ಮಾತಿರೋ ಕಡೆ ಕತ್ತರಿ ಆಕೋದು. ಎಲ್ಲಾ ಟಾಕೀಸ್ನಲ್ಲೂ ಅದೇ ಕೆಲ್ಸ. ಆಟ ಮುಗುದ್ಮೇಲೆ ತಿರ್ಗಾ ಜಾಯಿಂಟ್ ಆಕಿ ಮುಂದಿನೂರ್ಗೆ ಕಳಿಸ್ಬೇಕು. ನಿಂದ ಆಕ್ನಿಲ್ಲ. ಮಳವಳ್ಳಿಯೋರು ಅರ್ಜೆಂಟಾಗಿ ಬಂದು ಡಬ್ಬ ಎತ್ಕಂಡೋದ್ರು, ಮರ್ತೋದೆ.'

'ಮರ್ತೋದೆ' ಅಂತ ನಾನೂ ಅಂದೆ.

'ಒಂದು ಮಾತು ಯೋಳ್ತೀನಿ, ಒಡುದ್ರೂ ಒಡಿ. ಆ ತುಂಡು ಬಿಸಾಕಕ್ಕೆ ಮನ್ಸು ಬರ್ನಿಲ್ಲ ಕಣವ್ವ. ಒಂದು ಸಲ ನೋಡಿದ್ದೆ.'

ನನಗೆ ಬಂದ ಸಿಟ್ಟು ಹೇಳತೀರದು. ಕೊಪ್ಪದ ಬಸ್ಸು! ನಮ್ಮವ್ವ, ಜಯ ಇಬ್ಬರೂ ಹತ್ತಿ ಹೋದ ಬಸ್ಸು ಅದೇ. ಅವ್ವ ಬಸ್ಸು ತಪ್ಪಿಸಿಕೊಳ್ಳಬಾರದು ಅಂತ, ಅವ್ವನ ಹತ್ತಿರ ನಾನು ಆಡಿದ ಮಾತನ್ನೇ ಕತ್ತರಿಸಿದ್ದರು. 'ನೀನು ಕೊಪ್ಪದೋರಿಗೆ ಉಪಕಾರ ಮಾಡಿದೆ ಕಣಣ್ಣ' ಅಂದೆ. 'ನಮ್ಮವ್ವ ನನ್ನನ್ನು ಸುಳ್ಳಿ ಅಂತಲೇ ತಿಳಿದು ಸತ್ತಳು.' ಅವನು ಅಲ್ಲೇ ದಂಡೆಯ ಮೇಲೆ ಕೂತುಬಿಟ್ಟ. ನಾನು ತಿರುಗಿ ನೋಡದೆ ಹೋದೆ.

ಮಾರನೆಯ ದಿನ ಮಾರ್ಲೀಸ್ ಬಂದು, ತುಂಡನ್ನು ಸೇರಿಸಿಯೇ ಭಾನುವಾರ ಸಿನಿಮಾ ತೋರಿಸಬಹುದು, ನಿಮ್ಮ ಅಪ್ಪಣೆ ಬೇಕು ಅಂದಳು. ಬೇಡ ಅಂದೆ. ಕೇಳಬೇಕಾದವಳು ಕೇಳಲಿಲ್ಲ, ಡಚ್ಚರು ಕೇಳಿ ಏನಾಗಬೇಕು? ಪಕ್ಕದಲ್ಲಿದ್ದ ಉರ್ಸುಲಾ ಏನು ನಡೆಯುತ್ತಿದೆ ಅಂತ ಕೇಳಿ ತಿಳಿದುಕೊಂಡಳು. ನಗಲಿಲ್ಲ ಈ ಸಲ. 'ಬೇಡವಾದರೆ ನನಗೆ ಕೊಡು. ಆ ನಾಲ್ಕು ನಿಮಿಷ ನನ್ನ ಹೆಣಕ್ಕೆ ಅಂಟಿಸಿಕೊಳ್ಳುತ್ತೇನೆ' ಅಂದಳು.

ಆ ಮಾತು ಎದೆಗೆ ನಾಟಿತು. ರಾತ್ರಿಯೂಟವನ್ನು ಇವರು ಬಿಸಿಲಿರುವಾಗಲೇ, ಸಂಜೆ ಐದೂವರೆಗೇ ಮುಗಿಸುತ್ತಾರೆ. ಆ ಊಟದಲ್ಲಿ ನನ್ನ ಎದುರು ತಲೆ ತಗ್ಗಿಸಿ ಆಲೂಗಡ್ಡೆ ಕುಕ್ಕುತ್ತಿದ್ದ ಸಿದ್ದಣ್ಣನಿಗೆ ಹೇಳಿದೆ: 'ಜಾಯಿಂಟ್ ಹಾಕು. ನೀನೇ ಹಾಕಬೇಕು, ಬೇರೆಯವರು ಮುಟ್ಟಬಾರದು.'

ಅವನು ಹಾಕುವುದನ್ನು ಪಕ್ಕದಲ್ಲೇ ನಿಂತು ನೋಡಿದೆ. ಫಿಲಂ ಕುಗ್ಗಿ ಸೊಟ್ಟಗಾಗಿತ್ತು, ಬಣ್ಣ ಕೆಂಪಿಗೆ ತಿರುಗಿತ್ತು. ಅಂಚನ್ನು ಮೆಲ್ಲಗೆ ಕೆರೆದ, ಅಂಟು ಹಚ್ಚಿದ, ಒತ್ತಿ ಹಿಡಿದು ಬಾಯಲ್ಲೇ ಎಣಿಸಿದ. ಅಲ್ಲಿಯ ಕೆಲಸಗಾರನೊಬ್ಬ ಸಹಾಯಕ್ಕೆ ಬಂದರೆ 'ಸುಮ್ಕಿರಪ್ಪ' ಅಂತ ಕನ್ನಡದಲ್ಲೇ ಗದರಿಸಿದ. ತೋಳು ತಪ್ಪು ಕಡೆ ಹೊಲಿದಾಗ ಬಿಚ್ಚಿ ಮತ್ತೆ ಹೊಲಿಯುವಾಗ ನಾನೂ ಹಾಗೇ ಯಾರನ್ನೂ ಹತ್ತಿರ ಬಿಡುವುದಿಲ್ಲ.

ಭಾನುವಾರ

ಮಧ್ಯಾಹ್ನ ನಾಲ್ಕಕ್ಕೆ ಆಟ. ನಲವತ್ತು ಜನ ಇದ್ದರೇನೋ. ನಮ್ಮ ಮಾತೆಲ್ಲ ಪರದೆಯ ಕೆಳಗೆ ಡಚ್ಚಿನಲ್ಲಿ ಬರುವ ಹಾಗೆ ಮಾರ್ಲೀಸ್ ಮಾಡಿದ್ದಳು. ಬರೀ ಮೌನ. ಮದ್ದೂರಿನಲ್ಲಿ ಲೈಟು ಆರಿದ ತಕ್ಷಣ ಶುರುವಾಗುವ ಕೂಗು ಇಲ್ಲಿಲ್ಲ. ಗೊಗ್ಗರು ದನಿಯ ನಾನು ಗಂಡಸರನ್ನು ಕಡಿಯುತ್ತ ಹೋದೆ. ಒಬ್ಬಿಬ್ಬರು ನಕ್ಕರು, ಮಚ್ಚು ಬಗ್ಗಿದ್ದು ಕಂಡು. ರಟ್ಟಿನ ಮಚ್ಚು ಅದು.

ಏಳನೇ ರೀಲು ಬಂತು. ಅಡುಗೆಮನೆಯ ಬಾಗಿಲು. ಪರದೆ ಇದ್ದಕ್ಕಿದ್ದ ಹಾಗೆ ಕುಂಕುಮದ ಬಣ್ಣಕ್ಕೆ ತಿರುಗಿತು. ಆಮೇಲೆ ನನ್ನ ದನಿ.

'ಅವ್ವಾ, ನಿನ್ನ ಅರಿಸ್ನದ ಸೀರೆ ಅರುದಿದ್ದು ಜಯ ಅಲ್ಲ ಕಣವ್ವ, ನಾನು. ಅವ್ಳು ಸುಮ್ಸುಮ್ನೆ ಒದೆ ತಿಂದ್ಲು. ನಾನು ಅದ ಎತ್ಕಂಡೋಗಿ ಕಬ್ಬಿನ್ ಗದ್ದೇಲಿ ಉಟ್ಕಂಡ್ ನಿಂತ್ಕತಿದ್ದೆ. ಅಲ್ಲಿ ಯಾರೂ ನೋಡ್ತಿರ್ನಿಲ್ಲ. ಕಬ್ಬಿನ್ ಸೋಗೆ ಸಿಕ್ಕಂಡು ಅರುದೋಯ್ತು. ಅವ್ವ, ನಾನು ನಿನ್ ಮ್ಯಾಲೆ ಕ್ವಾಪ ಮಾಡ್ಕಂಡು ಮನೆ ಬುಡ್ನಿಲ್ಲ. ನಾಳೆ ಯಾರಾರ ನಿನ್ನ ನೋಡಿ ನಗ್ಬಾರ್ದು ಅಂತ ಓದೆ. ನಾನ್ ಚೆನ್ನಾಗಿವ್ನಿ. ಉಂಡಿವ್ನಿ. ಸೀರೆ ಈಗ ನಂದೇ ಅದೆ. ನೀನು ಒಂದು ಸಲ ಬಾ ಅನ್ನು, ಬತ್ತೀನಿ.'

ಹೀಗೇ ನಾಲ್ಕು ನಿಮಿಷ. ಸಿನಿಮಾದ ತಾಯಿ ತಿರುಗುವುದೇ ಇಲ್ಲ, ರಾಗಿ ಕೇರುತ್ತಲೇ ಇರುತ್ತಾಳೆ. ನನ್ನ ದನಿ ಅಷ್ಟು ಸಣ್ಣದಾಗಿತ್ತು ಅಂತ ನನಗೆ ಮರೆತೇಹೋಗಿತ್ತು. ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ಕೂತಿದ್ದೆ.

ಕೊನೆಯಲ್ಲಿ ಹೀರೋ ಬಂದು ನನ್ನ ಜುಟ್ಟಿಗೆ ಕೈ ಹಾಕಿದ. ಹಿಂದಿನ ಸಾಲಿನಲ್ಲಿ ಯಾರೋ ಜೋರಾಗಿ 'ನೇ!' ಅಂದರು. ಅವರ ಭಾಷೆಯಲ್ಲಿ ಬೇಡ ಅಂತ ಅರ್ಥ. ವಿಗ್ಗು ಕಿತ್ತು ಬಂತು, ಡಬಡಬ ಸಂಗೀತ ಬಂತು, ಒಬ್ಬರೂ ಅಲುಗಾಡಲಿಲ್ಲ. ಅದೇ ಶಾಟು, ಅದೇ ಬೋಳು ತಲೆ. ಮದ್ದೂರಿನಲ್ಲಿ ಇಡೀ ಟಾಕೀಸು ಕುಣಿದ ಜಾಗ. ಪ್ರೊಜೆಕ್ಟರ್ ಕೋಣೆಯಿಂದ ಇಳಿದು ಬಂದ ಸಿದ್ದಣ್ಣ ನನ್ನ ಪಕ್ಕ ಕೂತು ಹೇಳಿದ: 'ಆ ತುಂಡು ಇದ್ದಿದ್ರೆ ನಮ್ಮೋರೂ ಸಿಳ್ಳೆ ಒಡೀತಿರ್ನಿಲ್ಲ ಕಣವ್ವ. ಕೇಳುದ್ಮೇಲೆ ಎಂಗ್ ಒಡೀತಾರೆ?' ನನಗೆ ಗೊತ್ತಿಲ್ಲ. ಇಬ್ಬರು ಮೂವರಾದರೂ ಹೊಡೆಯುತ್ತಿದ್ದರು ಅನ್ನಿಸುತ್ತದೆ. ಆದರೆ ಅವನ ಮೇಲಿನ ಸಿಟ್ಟು ಆ ಮಾತಿಗೆ ಸ್ವಲ್ಪ ಇಳಿಯಿತು.

ಆಮೇಲೆ ವೇದಿಕೆ ಹತ್ತಿಸಿ ಪ್ರಶ್ನೆ ಕೇಳಿದರು. ಕನ್ನಡಕದ ಹೆಂಗಸೊಬ್ಬಳು ನಿಮ್ಮ ತಾಯಿ ಈ ಸಿನಿಮಾ ನೋಡಿದರೇ ಅಂದಳು.

'ನೋಡಿದಳು' ಅಂದೆ. 'ಬಸ್ಸಿಗೆ ಹೊತ್ತಾಗಿತ್ತು.'

ಮಾರ್ಲೀಸ್ ಅದನ್ನು ಡಚ್ಚಿಗೆ ತಿರುಗಿಸಿದಳು. ಅವರಿಗೆ ಏನು ಅರ್ಥವಾಯಿತೋ ಗೊತ್ತಿಲ್ಲ.

ಕೊಪ್ಪ

ವಾಪಸ್ ಬಂದ ಮೂರನೇ ದಿನ ಮದ್ದೂರಿನಿಂದ ಬಸ್ಸು ಹತ್ತಿ ಕೊಪ್ಪಕ್ಕೆ ಹೋದೆ. ಸಿದ್ದಣ್ಣನೂ ಬತ್ತೀನಿ ಅಂದ. ಬೇಡ ಅನ್ನಲಿಲ್ಲ. ಮಾರ್ಲೀಸ್ ಆ ಸೀನನ್ನು ನನ್ನ ಫೋನಿಗೆ ಹಾಕಿಕೊಟ್ಟಿದ್ದಳು. ಜಯ ಹಾಲು ಡೈರಿಗೆ ಹಾಕಿ ಬಂದು ಜಗಲಿಯ ಮೇಲೆ ಕೂತಿದ್ದಳು. ಅವ್ವ ಸತ್ತ ಮೇಲೆ ನಾವಿಬ್ಬರೂ ಮಾತಾಡುವುದು ಹಬ್ಬಕ್ಕೊಮ್ಮೆ, ಅದೂ ಮಳೆ ಬೆಳೆ ವಿಷಯ. ಆ ಸಿನಿಮಾದ ಹೆಸರು ಇಪ್ಪತ್ತಾರು ವರ್ಷದಲ್ಲಿ ಒಂದು ಸಲವೂ ಎತ್ತಿರಲಿಲ್ಲ.

'ಇದನ್ನ ನ್ಯಾಯವಾಗಿ ನೀನು, ಅವ್ವ ಆವತ್ತು ನೋಡಬೇಕಾಗಿತ್ತು. ಇವರು ಕತ್ತರಿಸಿದ್ದರು' ಅಂತ ಸಿದ್ದಣ್ಣನನ್ನು ತೋರಿಸಿ ಫೋನಿನಲ್ಲಿ ಸೀನು ಹಾಕಿದೆ.

ಸೀರೆಯ ಮಾತು ಬಂದ ಕೂಡಲೇ ಜಯ ಎದ್ದು ನಿಂತಳು. 'ಅಯ್ಯೋ ನಿನ್ ಮನೆ ಕಾಯ್ವೋಗಾ! ಆ ಸೀರೆಗೆ ನಾನು ಪೊರಕೇಲಿ ತಿಂದಿವ್ನಿ ಕಣಕ್ಕಾ!' ಅಂತ ನನ್ನ ಭುಜಕ್ಕೆ ಒಂದು ಏಟು ಕೊಟ್ಟಳು. ಸಿದ್ದಣ್ಣ ನಕ್ಕ, ನಾನೂ ನಕ್ಕೆ. ಅಷ್ಟರಲ್ಲಿ ಜಯ ಕೈಯಿಂದ ಬಾಯಿ ಮುಚ್ಚಿಕೊಂಡು ಮತ್ತೆ ಕೂತಳು. ಫೋನು ಆರಿಸಿದೆ.

'ಯಾಕೆ ಜಯಾ?'

'ಅವತ್ತು ಬಸ್ನಲ್ಲಿ ಅವ್ವ ನನ್ನ ಕೇಳುದ್ಲು, ಅವ್ಳ ಮಾತು ಯಾವಾಗ ಬಂತು ಅಂತ. ನಾನು, ಬರ್ನೇ ಇಲ್ಲ ಕಣವ್ವ ಅಂದೆ. ಅವ್ವ ನನ್ಗೇ ಬೈದ್ಲು. "ಅವ್ಳು ಸುಳ್ಳು ಯೋಳೋಳಲ್ಲ, ಮಾತು ಬಂದೇ ಇರ್ತದೆ. ನಾವಿಬ್ರೂ ತೂಕಡ್ಸ್ಬುಟ್ಟಿರ್ತೀವಿ" ಅಂದ್ಲು. ಬೆಳಗಿಂದ ಕಬ್ಬಿನ್ ಕಳೆ ಕಿತ್ತು ಸುಸ್ತಾಗಿತ್ತಲ್ಲ, ನಾನೂ ಇದ್ರೂ ಇರ್ಬೋದು ಅಂದ್ಕಂಡೆ. "ಅವ್ಳು ಅಸ್ಟು ಯೋಳಿ ಕಳ್ಸುದ್ರೂ ಕಣ್ಮುಚ್ಬುಟ್ನಲ್ಲ, ಈಗ ಏನಂತ ಬಾ ಅನ್ಲಿ, ಏನ್ ಕೇಳ್ದೆ ಅಂದ್ರೆ ಏನ್ ಯೋಳ್ಲಿ" ಅಂತ ಅವ್ವ ಸಾಯೋಗಂಟ ಕೊರಗುದ್ಲು. ಅಕ್ಕಂಗೆ ಯೋಳ್ಬ್ಯಾಡ, ನೊಂದ್ಕತಾಳೆ ಅಂತ ನನ್ ಕೈಲಿ ಆಣೆ ಆಕುಸ್ಕಂಡಿದ್ಲು.'

ಒಂಬತ್ತು ವರ್ಷ ನಾನು ಬೆಂಗಳೂರಿನಲ್ಲಿ, ಅವಳು ಇಲ್ಲಿ. ನಾನು ಸುಳ್ಳಿ ಅನ್ನಿಸಿಕೊಂಡೆ ಅಂತ ನಾಚಿಕೊಂಡು ಬರಲಿಲ್ಲ. ಅವಳು ನಿದ್ದೆ ಮಾಡಿದೆ ಅಂತ ನಾಚಿಕೊಂಡು ಕರೆಯಲಿಲ್ಲ. ನನ್ನನ್ನು ಅನುಮಾನಿಸುವ ಬದಲು ಅವ್ವ ತನ್ನ ಕಣ್ಣನ್ನೇ ಅನುಮಾನಿಸಿದ್ದಳು.

'ಅವ್ವ ನಿದ್ದೆ ಮಾಡಿರಲಿಲ್ಲ ಕಣೆ' ಅಂದೆ.

ಜಯ ಸೆರಗಿನಲ್ಲಿ ಕಣ್ಣೊರೆಸಿಕೊಂಡು ಒಳಗೆ ಹೋದಳು, ಗೋಡೆಯಿಂದ ಅವ್ವನ ಫೋಟೋ ತೆಗೆದು ತಂದು ಪಕ್ಕದಲ್ಲಿಟ್ಟುಕೊಂಡಳು. 'ಮೊದ್ಲಿಂದ ಆಕು' ಅಂದಳು.

ಹಾಕಿದೆ. ಅಡುಗೆಮನೆಯ ಬಾಗಿಲು ಬಂತು, ನನ್ನ ಸಣ್ಣ ದನಿ ಶುರುವಾಯಿತು. ಆಗಲೇ ಬೀದಿಯ ತುದಿಯಲ್ಲಿ ಮದ್ದೂರಿಗೆ ಹೋಗುವ ಬಸ್ಸು ಹಾರ್ನ್ ಹೊಡೆಯಿತು. ಸಿದ್ದಣ್ಣ ಅಭ್ಯಾಸಬಲಕ್ಕೆ ಚೀಲ ಹಿಡಿದು ಎದ್ದು ನಿಂತ. ನನ್ನ ಮುಖ ನೋಡಿದ, ಫೋಟೋ ನೋಡಿದ. ಬಸ್ಸು ಇನ್ನೊಂದು ಸಲ ಹಾರ್ನ್ ಹೊಡೆಯಿತು.

'ಓಗ್ಲಿ ಬುಡು' ಅಂತ ಚೀಲ ಕೆಳಗಿಟ್ಟು ಕೂತ. 'ಪೂರ್ತಿ ಮುಗೀಲಿ.'